ಸಾಹೇಬರ ಪಿಂಚಣಿ, ರೈತನ ಕಂದಾಯ

ವಿಜಯಪುರದಿಂದ ಬಸವನ ಬಾಗೇವಾಡಿಗೆ ಹೋಗುವ ದಾರಿಯಲ್ಲಿ ಮನಗೂಳಿ ಎಂಬ ಊರು ಸಿಗುತ್ತದೆ. ಹನ್ನೆರಡನೇ ಶತಮಾನದಲ್ಲಿ ಅದರ ಹೆಸರು ಮಣಿಂಗವಳ್ಳಿ. ಕಳಚುರಿ ಬಿಜ್ಜಳನ ಕಾಲದ ಶಾಸನಕ್ಕಾಗಿ ಈ ಊರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ಆ ಹಳಗನ್ನಡ ಬರಹವನ್ನು ಅಕ್ಷರ ಅಕ್ಷರ ಬಿಡಿಸಿ ಓದಿ, ಅರ್ಥ ಬರೆದು, ‘ಎಪಿಗ್ರಾಫಿಯಾ ಇಂಡಿಕಾ’ದ ಐದನೇ ಸಂಪುಟದಲ್ಲಿ (1898–99) ಪ್ರಕಟಿಸಿದವರು ಜಾನ್ ಫೇಯ್ತ್‌ಫುಲ್ ಫ್ಲೀಟ್ ಎಂಬ ಆಂಗ್ಲ ಅಧಿಕಾರಿ. ಶಾಸನದಲ್ಲಿ ಬರುವ ‘ಬಸವ’ ಎಂಬ ಹೆಸರನ್ನು ಹಿಡಿದು ಅವರು ಎತ್ತಿದ ಪ್ರಶ್ನೆಗಳು ಮುಂದೆ ವಿದ್ವಾಂಸರ ನಡುವೆ ಬಹಳ ಚರ್ಚೆಗೆ ಬಂದವು.

ಸ್ವಾರಸ್ಯವೆಂದರೆ, ಆ ಸಂಪುಟ ಓದುಗರ ಕೈ ಸೇರುವ ಹೊತ್ತಿಗೆ ಫ್ಲೀಟ್ ಸರಕಾರಿ ನೌಕರಿಯಲ್ಲಿ ಇರಲಿಲ್ಲ. 1897ರಲ್ಲೇ ನಿವೃತ್ತರಾಗಿದ್ದರು. ಲಂಡನ್ನಿನ ಪಶ್ಚಿಮಕ್ಕಿರುವ ಈಲಿಂಗ್‌ನಲ್ಲಿ ಮನೆ ಮಾಡಿಕೊಂಡರು. ಮೂವತ್ತು ವರ್ಷ ಈ ನೆಲದಲ್ಲಿ ದುಡಿದು, ಇಲ್ಲಿನ ಭಾಷೆಯನ್ನು ಪಂಡಿತರ ಮಟ್ಟಕ್ಕೆ ಕಲಿತ ವ್ಯಕ್ತಿ ನಿವೃತ್ತಿಯಾದಾಗ ಇಲ್ಲಿ ಉಳಿಯಲಿಲ್ಲ. ಅದೇ ಕಾಲದಲ್ಲಿ ಕನ್ನಡದ ಒಂದಕ್ಷರ ಬಾರದ ಎಷ್ಟೋ ಗೋರಾ ಸಿಪಾಯಿಗಳು, ರೈಲ್ವೆ ನೌಕರರು ಬೆಂಗಳೂರಿನ ಬಂಗಲೆಗಳಲ್ಲೇ ಕೊನೆಯುಸಿರೆಳೆದರು. ಯಾರು ಮರಳಿದರು, ಯಾರು ಉಳಿದರು ಎಂಬುದನ್ನು ಈ ನೆಲದ ಮೇಲಿನ ಪ್ರೀತಿಯೊಂದೇ ತೀರ್ಮಾನಿಸಲಿಲ್ಲ. ಬಹುಮಟ್ಟಿಗೆ ಅದನ್ನು ತೀರ್ಮಾನಿಸಿದ್ದು ಪಿಂಚಣಿಯ ಲೆಕ್ಕ.

ಸಾವಿರ ಪೌಂಡಿನ ಆಸೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಾಗೇವಾಡಿ ತಾಲ್ಲೂಕುಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1864ರಲ್ಲಿ ಕಲಾದಗಿ ಜಿಲ್ಲೆ ರಚನೆಯಾಯಿತು. 1885ರಲ್ಲಿ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಬಂತು. ತಾಲ್ಲೂಕಿಗೊಬ್ಬ ಮಾಮಲೇದಾರ, ಅವನ ಮೇಲೆ ಅಸಿಸ್ಟಂಟ್ ಕಲೆಕ್ಟರ್, ಎಲ್ಲರ ಮೇಲೆ ಕಲೆಕ್ಟರ್ ಸಾಹೇಬ. ಮಾಮಲೇದಾರ ಈ ದೇಶದವನೇ. ಕಲೆಕ್ಟರ್ ಸಾಮಾನ್ಯವಾಗಿ ಇಂಡಿಯನ್ ಸಿವಿಲ್ ಸರ್ವಿಸ್‌ನ ಆಂಗ್ಲ ಅಧಿಕಾರಿ.

ಈ ಸಿವಿಲ್ ಸರ್ವಿಸ್‌ನ ಪಿಂಚಣಿಗೆ ಒಂದು ವಿಶೇಷವಿತ್ತು. ಇಪ್ಪತ್ತೈದು ವರ್ಷ ಸೇವೆ, ಅದರಲ್ಲಿ ಇಪ್ಪತ್ತೊಂದು ವರ್ಷ ನಿಜವಾಗಿ ಕೆಲಸದ ಮೇಲೆ ಇದ್ದರೆ ವರ್ಷಕ್ಕೆ 1000 ಪೌಂಡ್ ಸಿಗುತ್ತಿತ್ತು. ಸಣ್ಣ ಜಿಲ್ಲೆಯ ಕಲೆಕ್ಟರ್ ಆಗಿ ಮುಗಿಸಿದವನಿಗೂ ಅಷ್ಟೇ, ಪ್ರಾಂತದ ಗವರ್ನರ್ ಹುದ್ದೆಗೇರಿದವನಿಗೂ ಅಷ್ಟೇ. ಇದಕ್ಕಾಗಿ ಪ್ರತಿ ತಿಂಗಳ ಪಗಾರದಲ್ಲಿ ನೂರಕ್ಕೆ ನಾಲ್ಕರಷ್ಟು ಮುರಿದುಕೊಳ್ಳಲಾಗುತ್ತಿತ್ತು. ಮುಖ್ಯ ಸಂಗತಿ ಎಂದರೆ, ಈ ಪಿಂಚಣಿ ನಿಗದಿಯಾಗಿದ್ದು ರೂಪಾಯಿಯಲ್ಲಿ ಅಲ್ಲ, ಪೌಂಡಿನಲ್ಲಿ.

ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿನಲ್ಲಿ ಬಂದ ಹುಡುಗ ಐವತ್ತು ದಾಟುವ ಮೊದಲೇ ಈ ಪಿಂಚಣಿ ಹಿಡಿದು ಹಡಗು ಹತ್ತಬಹುದಿತ್ತು. ಮಕ್ಕಳನ್ನು ಏಳೆಂಟು ವರ್ಷಕ್ಕೇ ಓದಿಗಾಗಿ ಇಂಗ್ಲೆಂಡಿಗೆ ಕಳಿಸುವುದು ರೂಢಿ. ಹೆಂಡತಿ ಅಲ್ಲಿ ಸ್ವಲ್ಪ ಕಾಲ, ಇಲ್ಲಿ ಸ್ವಲ್ಪ ಕಾಲ. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣ ಕೆಲವೇ ವಾರಗಳಿಗೆ ಇಳಿಯಿತು. ಹೀಗಾಗಿ ಬಿಜಾಪುರದ ಬಿಸಿಲಿನಲ್ಲಿ ಜಮಾಬಂದಿ ಮಾಡುತ್ತಿದ್ದ ಸಾಹೇಬನ ಮನಸ್ಸು ಮಾತ್ರ ಸಂಸಾರವಿದ್ದ ಕಡೆಗೇ ಇರುತ್ತಿತ್ತು. ಅವರ ಮಾತಿನಲ್ಲಿ ‘ಹೋಮ್’ ಎಂದರೆ ಇಂಗ್ಲೆಂಡ್ ಮಾತ್ರ.

ಹಾಗೆಂದು ಮರಳಿದವರ ಬದುಕು ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. ಇಲ್ಲಿ ಕಲೆಕ್ಟರ್‌ಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಮೀರಿದ ಪಗಾರ. ಅಡುಗೆಯವ, ಕುದುರೆಯಾಳು, ಮಾಲಿ, ಚಪರಾಸಿ ಎಂದು ಮನೆ ತುಂಬ ಆಳುಗಳು. ಅಲ್ಲಿ ಒಬ್ಬಿಬ್ಬರು ಕೆಲಸದವರನ್ನು ಇಟ್ಟುಕೊಂಡರೆ ದೊಡ್ಡದು. ಜೊತೆಗೆ ಕಲ್ಲಿದ್ದಲಿನ ಖರ್ಚು, ಕೊರೆಯುವ ಚಳಿ. ಚೆಲ್ಟನಂ ಪಟ್ಟಣ ಮತ್ತು ಲಂಡನ್ನಿನ ಬೇಸ್‌ವಾಟರ್ ಭಾಗದಲ್ಲಿ ಭಾರತದಿಂದ ಮರಳಿದ ಪಿಂಚಣಿದಾರರು ಗುಂಪಾಗಿ ನೆಲೆಸುತ್ತಿದ್ದರು. ಲಕ್ಷಾಂತರ ಜನರ ಮೇಲೆ ಅಧಿಕಾರ ನಡೆಸಿದವರನ್ನು ಅಲ್ಲಿನ ಬೀದಿಯಲ್ಲಿ ಕೇಳುವವರೇ ಇರಲಿಲ್ಲ.

ಕೆಲವರು ಮಾತ್ರ ಬಿಟ್ಟುಬಂದ ನೆಲದ ಕೆಲಸವನ್ನೇ ಅಲ್ಲಿಯೂ ಮುಂದುವರಿಸಿದರು. ಫ್ಲೀಟ್ ಅವರಲ್ಲಿ ಪ್ರಮುಖರು. 1867ರಲ್ಲಿ ಬಂದ ಅವರು ದಕ್ಷಿಣ ವಿಭಾಗದ ಶಿಕ್ಷಣ ಇನ್ಸ್‌ಪೆಕ್ಟರ್ ಆಗಿ, ಭೀಮಾ ನದಿಯಾಚೆಯ ಸೊಲ್ಲಾಪುರದ ಕಲೆಕ್ಟರ್ ಆಗಿ, ಭಾರತ ಸರಕಾರದ ಶಾಸನತಜ್ಞರಾಗಿ ದುಡಿದವರು. ಸಂಗೊಳ್ಳಿ ರಾಯಣ್ಣನ, ಹಲಗಲಿ ಬೇಡರ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಅವರೇ. ನಿವೃತ್ತಿಯ ನಂತರದ ಇಪ್ಪತ್ತು ವರ್ಷಗಳಲ್ಲೂ ಕನ್ನಡ ನಾಡಿನ ಶಾಸನಗಳ ಮೇಲೆ ಬರೆಯುತ್ತಲೇ ಇದ್ದರು. ಬಿಜಾಪುರದ ಕಟ್ಟಡಗಳನ್ನು ಅಳತೆ ಮಾಡಿ ದಾಖಲಿಸಿದ ಪುರಾತತ್ವ ಇಲಾಖೆಯ ಹೆನ್ರಿ ಕಸೆನ್ಸ್ ಕೂಡ ಹಾಗೆಯೇ. 1910ರಲ್ಲಿ ನಿವೃತ್ತರಾದ ಅವರ ಬಿಜಾಪುರದ ಗ್ರಂಥ ಹೊರಬಂದದ್ದು 1916ರಲ್ಲಿ. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ 1926ರಲ್ಲಿ.

ಹತ್ತು ರೂಪಾಯಿ ಹದಿನೈದಾದಾಗ

ಇಷ್ಟೆಲ್ಲ ಪಿಂಚಣಿಗೆ ಹಣ ಎಲ್ಲಿಂದ ಬರುತ್ತಿತ್ತು? ಬ್ರಿಟಿಷ್ ತೆರಿಗೆದಾರರ ಜೇಬಿನಿಂದ ಅಲ್ಲ. ಭಾರತದ ಬೊಕ್ಕಸದಿಂದ. ಲಂಡನ್ನಿನ ಇಂಡಿಯಾ ಆಫೀಸಿನ ಖರ್ಚು, ರೈಲ್ವೆ ಸಾಲದ ಬಡ್ಡಿ, ಸೈನಿಕರ ಮತ್ತು ಅಧಿಕಾರಿಗಳ ಪಿಂಚಣಿ ಎಲ್ಲ ಸೇರಿ ‘ಹೋಮ್ ಚಾರ್ಜಸ್’ ಎಂಬ ಬಾಬತ್ತಿನಲ್ಲಿ ಪ್ರತಿ ವರ್ಷ ಇಂಗ್ಲೆಂಡಿಗೆ ಹೋಗುತ್ತಿತ್ತು. 1900ರ ಸುಮಾರಿಗೆ ಈ ಮೊತ್ತ ವರ್ಷಕ್ಕೆ ಒಂದೂವರೆ ಕೋಟಿ ಪೌಂಡನ್ನೂ ಮೀರಿತ್ತು. ದಾದಾಭಾಯಿ ನವರೋಜಿ ‘ಸಂಪತ್ತಿನ ಸೋರಿಕೆ’ ಎಂದು ಜೀವಮಾನವಿಡೀ ಹೇಳಿದ್ದು ಇದನ್ನೇ. 1901ರಲ್ಲಿ ಹೊರಬಂದ ಅವರ ಪ್ರಸಿದ್ಧ ಗ್ರಂಥದಲ್ಲಿ ಈ ಪಿಂಚಣಿಗಳಿಗೂ ಜಾಗವಿದೆ.

ಸೋರಿಕೆ ಇನ್ನಷ್ಟು ದೊಡ್ಡದಾಗಲು ಒಂದು ಕಾರಣವಿತ್ತು. ಭಾರತದ ರೂಪಾಯಿ ಬೆಳ್ಳಿಯದು, ಇಂಗ್ಲೆಂಡಿನ ಪೌಂಡ್ ಬಂಗಾರದ ಲೆಕ್ಕದ್ದು. 1870ರ ದಶಕದ ಆರಂಭದಲ್ಲಿ ಒಂದು ರೂಪಾಯಿಗೆ ಹೆಚ್ಚುಕಡಿಮೆ ಎರಡು ಶಿಲಿಂಗ್ ಸಿಗುತ್ತಿತ್ತು. ಎಂದರೆ ಒಂದು ಪೌಂಡಿಗೆ ಹತ್ತು ರೂಪಾಯಿ. ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಕುಸಿದಂತೆ ರೂಪಾಯಿಯೂ ಕುಸಿಯಿತು. 1893ರಲ್ಲಿ ಸರಕಾರ ಟಂಕಸಾಲೆಗಳನ್ನು ಜನರ ಬೆಳ್ಳಿಗೆ ಮುಚ್ಚಿತು. ಶತಮಾನದ ಕೊನೆಗೆ ರೂಪಾಯಿ ಒಂದು ಶಿಲಿಂಗ್ ನಾಲ್ಕು ಪೆನ್ಸ್‌ಗೆ ನಿಂತಿತು. ಒಂದು ಪೌಂಡಿಗೆ ಈಗ ಹದಿನೈದು ರೂಪಾಯಿ.

ಸಾವಿರ ಪೌಂಡ್ ಪಿಂಚಣಿ ಕೊಡಲು ಮೊದಲು ಹತ್ತು ಸಾವಿರ ರೂಪಾಯಿ ಕಂದಾಯ ಸಾಕಾಗುತ್ತಿತ್ತು. ಈಗ ಹದಿನೈದು ಸಾವಿರ ಬೇಕಾಯಿತು. ಈಲಿಂಗ್‌ನ ಪಿಂಚಣಿದಾರನಿಗೆ ಇದರ ಬಿಸಿ ತಟ್ಟಲಿಲ್ಲ. ತಟ್ಟಿದ್ದು ಡೋಣಿ ಹೊಳೆಯ ದಂಡೆಯಲ್ಲಿ ಜೋಳ ಬೆಳೆಯುವವನಿಗೆ. 1876–78ರ ಬರದಲ್ಲಿ ಕಲಾದಗಿ ಜಿಲ್ಲೆ ಅದಾಗಲೇ ನುಚ್ಚುನೂರಾಗಿತ್ತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಐದನೇ ಒಂದು ಭಾಗದಷ್ಟು ಇಳಿದಿತ್ತು. ಸತ್ತವರು ಸತ್ತು, ಗುಳೆ ಹೋದವರು ಹೋಗಿ, ಉಳಿದವರು ಕಂದಾಯ ಕಟ್ಟಿದರು.

ಹಾಗಿದ್ದರೆ ರೂಪಾಯಿ ಕುಸಿತದಿಂದ ಬಿಳಿಯರಿಗೆ ಪೆಟ್ಟೇ ಬೀಳಲಿಲ್ಲವೇ? ಬಿತ್ತು, ಸಣ್ಣವರಿಗೆ. ಸಿವಿಲ್ ಸರ್ವಿಸ್‌ನ ಹೊರಗೆ ಅಂಚೆ, ತಂತಿ, ಲೋಕೋಪಯೋಗಿ, ಅರಣ್ಯ ಮುಂತಾದ ಇಲಾಖೆಗಳಲ್ಲಿದ್ದ ಯುರೋಪಿಯನ್ ನೌಕರರ ಪಿಂಚಣಿ ನಿಗದಿಯಾಗಿದ್ದು ರೂಪಾಯಿಯಲ್ಲಿ. ವರ್ಷಕ್ಕೆ 3000 ರೂಪಾಯಿ ಪಿಂಚಣಿಯವನ ಉದಾಹರಣೆ ತೆಗೆದುಕೊಳ್ಳಿ. ಹಳೆಯ ದರದಲ್ಲಿ ಅದು 300 ಪೌಂಡ್. ಹೊಸ ದರದಲ್ಲಿ 200 ಪೌಂಡ್. ಮೂರರಲ್ಲಿ ಒಂದು ಭಾಗ ದಾರಿಯಲ್ಲೇ ಮಾಯ! ಈ ನೌಕರರ ದೂರು ಬ್ರಿಟಿಷ್ ಪಾರ್ಲಿಮೆಂಟಿನ ತನಕ ಹೋಯಿತು. ಆದರೆ ಅದೇ ಮೂರು ಸಾವಿರ ರೂಪಾಯಿಗೆ ಭಾರತದಲ್ಲಿ ತೋಟದ ಮನೆ, ಆಳುಕಾಳು, ಕುದುರೆಗಾಡಿ ಎಲ್ಲವೂ ನಡೆಯುತ್ತಿತ್ತು. ಹೀಗಾಗಿ ಪೌಂಡಿನ ಪಿಂಚಣಿಯವರು ಮರಳಿದರು. ರೂಪಾಯಿ ಪಿಂಚಣಿಯವರಲ್ಲಿ ಅನೇಕರು ಉಳಿದರು.

ಪಿಂಚಣಿದಾರರ ಸ್ವರ್ಗ

ಉಳಿಯುವವರು ಬಿಜಾಪುರದಂಥ ಬಿಸಿಲೂರಿನಲ್ಲಿ ಉಳಿಯಲಿಲ್ಲ. ಅವರು ಹುಡುಕಿದ್ದು ಮೂರು ಅನುಕೂಲ: ತಂಪು ಹವೆ, ಸೈನ್ಯದ ಆಸ್ಪತ್ರೆಯ ನೆರಳು, ಇಗರ್ಜಿಯ ಪಕ್ಕ ಒಂದು ಸ್ಮಶಾನ. ಮೂರೂ ಒಂದೇ ಕಡೆ ಸಿಕ್ಕಿದ್ದು ಬೆಂಗಳೂರು ದಂಡಿನಲ್ಲಿ. 1809ರಲ್ಲಿ ಸೈನ್ಯ ಬಂದು ನೆಲೆಸಿದ ಮೇಲೆ ಬೆಳೆದ ಈ ದಂಡು ಪ್ರದೇಶದ ಆಡಳಿತ 1881ರ ನಂತರವೂ ಬ್ರಿಟಿಷರ ಕೈಯಲ್ಲೇ ಇತ್ತು. ರಿಚ್‌ಮಂಡ್ ಟೌನ್, ಕುಕ್ ಟೌನ್, ಫ್ರೇಸರ್ ಟೌನ್‌ಗಳ ಹೆಂಚಿನ ಬಂಗಲೆಗಳಲ್ಲಿ ನಿವೃತ್ತರು ಗುಲಾಬಿ ಬೆಳೆಸಿ, ಮಧ್ಯಾಹ್ನದ ಚಹ ಕುಡಿದು ದಿನ ಕಳೆದರು. ‘ಪಿಂಚಣಿದಾರರ ಸ್ವರ್ಗ’ ಎಂಬ ಹೆಸರು ಬೆಂಗಳೂರಿಗೆ ಅಂಟಿದ್ದು ಹೀಗೆ.

ಇವರಲ್ಲಿ ಆಂಗ್ಲೋ ಇಂಡಿಯನ್ನರ ಸ್ಥಿತಿ ಬೇರೆ. ತಂದೆಯ ಕಡೆಯಿಂದ ಯುರೋಪಿನ ರಕ್ತ, ತಾಯಿಯ ಕಡೆಯಿಂದ ಈ ನೆಲದ್ದು. ‘ಹೋಮ್’ ಎಂದು ಅವರೂ ಇಂಗ್ಲೆಂಡನ್ನೇ ಕರೆಯುತ್ತಿದ್ದರು, ಬಹುತೇಕರು ಅದನ್ನು ನೋಡಿರಲಿಲ್ಲ. ರೈಲ್ವೆ, ತಂತಿ ಇಲಾಖೆಗಳಲ್ಲಿ ದುಡಿದ ಇವರಿಗೆ ಪಿಂಚಣಿಯಾದ ಮೇಲೆ ಹೋಗಲು ಊರೇ ಇರಲಿಲ್ಲ. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಬೆಂಗಳೂರಿನ ಪೂರ್ವಕ್ಕೆ 3900 ಎಕರೆ ಜಮೀನನ್ನು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟರು. ಸಂಘದ ಮುಖಂಡ ಡಿ.ಎಸ್. ವೈಟ್ ಅವರ ಹೆಸರಿನಲ್ಲಿ ಅಲ್ಲಿ ಎದ್ದ ಊರೇ ವೈಟ್‌ಫೀಲ್ಡ್. ನಡುವೆ ದುಂಡನೆಯ ಬಯಲು, ಸುತ್ತ ಮನೆಗಳು. ಒಕ್ಕಲುತನ ಮಾಡಿ ಬದುಕುವ ಮೂಲ ಉದ್ದೇಶ ಅಷ್ಟಾಗಿ ಕೈಗೂಡಲಿಲ್ಲ. ಕಾಲಕ್ರಮದಲ್ಲಿ ಅದು ನಿವೃತ್ತರ ಹಳ್ಳಿಯಾಯಿತು. ಇಂದು ಅಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಗೋಪುರಗಳಿವೆ; ಹಳೆಯ ಮನೆಗಳು ಬೆರಳೆಣಿಕೆಯಷ್ಟು.

ಮಹಾದೇವ ಬಾಬಾ

ಮರಳಿ ಹೋದರೂ ಮನಸ್ಸು ಇಲ್ಲೇ ಉಳಿದವರ ಕಥೆಯೂ ಒಂದಿದೆ. ಮುದ್ದೇಬಿಹಾಳ, ಸಿಂದಗಿ ತಾಲ್ಲೂಕುಗಳ ಪೂರ್ವದ ಗಡಿ ದಾಟಿದರೆ ಸುರಪುರ ಸೀಮೆ. ಅದು ಆಗ ನಿಜಾಮನ ಅಧೀನದ ಬೇಡ ನಾಯಕರ ಸಂಸ್ಥಾನ. ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ ಹದಿನೈದರ ಹರೆಯದಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆಂದು ಬಂದರು. ಆ ವ್ಯಾಪಾರ ದಿವಾಳಿಯ ಅಂಚಿನಲ್ಲಿತ್ತು. ಕೊನೆಗೆ ಸೇರಿದ್ದು ನಿಜಾಮನ ಸೇನೆಗೆ. ಕಂಪನಿ ಸರಕಾರದ ಅಧಿಕಾರಿಗಳಿಗೆ ಇದ್ದ ಹಕ್ಕು, ಸವಲತ್ತು ಅವರಿಗೆ ಇರಲಿಲ್ಲ.

1840ರ ದಶಕದಿಂದ 1853ರವರೆಗೆ ಟೇಲರ್ ಸುರಪುರದ ಆಡಳಿತ ನೋಡಿಕೊಂಡರು. ಜಮೀನು ಅಳತೆ ಮಾಡಿಸಿದರು, ರಸ್ತೆ ಹಾಕಿಸಿದರು, ಬೋನಾಳ ಕೆರೆಯನ್ನು ಅಭಿವೃದ್ಧಿ ಮಾಡಿದರು. ಹೆಂಡತಿ 1844ರಲ್ಲಿ ತೀರಿಕೊಂಡಳು. ಬಾಲಕ ದೊರೆ ವೆಂಕಟಪ್ಪ ನಾಯಕ ಅವರನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ; ಜನ ‘ಮಹಾದೇವ ಬಾಬಾ’ ಎನ್ನುತ್ತಿದ್ದರು. ಬೆಳೆದು ದೊಡ್ಡವನಾದ ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೋತು, ಸೆರೆಯಾಗಿ ಗುಂಡೇಟಿನಿಂದ ಸತ್ತ. ಸುರಪುರದ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಕಟ್ಟಡ ಆ ದಿನಗಳ ನೆನಪಾಗಿದೆ.

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಮರಳಿದರು. ನೆಲೆಸಿದ್ದು ಐರ್ಲೆಂಡಿನ ಡಬ್ಲಿನ್ ಬಳಿ. ಅಲ್ಲಿ ಕುಳಿತು ಬಿಜಾಪುರದ ಆದಿಲಶಾಹಿ ಕಾಲವನ್ನು ಚಿತ್ರಿಸುವ ‘ತಾರಾ’ (1863) ಕಾದಂಬರಿ ಬರೆದರು. ಬಿಜಾಪುರದ ವಾಸ್ತುಶಿಲ್ಪದ ಬಗ್ಗೆ ಜೇಮ್ಸ್ ಫರ್ಗುಸನ್ ಜೊತೆ 1866ರಲ್ಲಿ ದೊಡ್ಡ ಗ್ರಂಥ ತಂದರು. ಸುರಪುರ ಸೀಮೆಯ ಬೃಹತ್ ಶಿಲಾ ಗೋರಿಗಳ ಕುರಿತು ಅಲ್ಲಿನ ವಿದ್ವತ್ ಸಂಸ್ಥೆಗೆ ಪ್ರಬಂಧ ಒಪ್ಪಿಸಿದರು. ಕಣ್ಣು ಮಂಜಾಗತೊಡಗಿದಾಗ, 1875ರಲ್ಲಿ, ಹೈದರಾಬಾದಿನ ದಿವಾನ ಸಾಲಾರ್ ಜಂಗ್‌ರ ಕರೆಗೆ ಓಗೊಟ್ಟು ಮತ್ತೊಮ್ಮೆ ಬಂದರು. ಇಲ್ಲಿ ಜ್ವರ ಹಿಡಿಯಿತು, ದೃಷ್ಟಿ ಪೂರ್ತಿ ಹೋಯಿತು. ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡರು. ಹುಟ್ಟಿದ ದೇಶವೂ ಅಲ್ಲ, ದುಡಿದ ದೇಶವೂ ಅಲ್ಲ. ಮಣ್ಣು ಸಿಕ್ಕಿದ್ದು ಮೂರನೆಯ ದೇಶದಲ್ಲಿ.

ಸ್ವಾತಂತ್ರ್ಯದ ನಂತರ

1947ರಲ್ಲಿ ಬ್ರಿಟಿಷರು ಹೊರಟರು, ಪಿಂಚಣಿಯ ಬಾಕಿ ಹೊರಡಲಿಲ್ಲ. ಎರಡನೇ ಮಹಾಯುದ್ಧದ ಖರ್ಚಿಗಾಗಿ ಬ್ರಿಟನ್ ಭಾರತಕ್ಕೆ ದೊಡ್ಡ ಮೊತ್ತ ಕೊಡಬೇಕಿತ್ತು. 1948ರ ಒಪ್ಪಂದದಲ್ಲಿ ಆ ಬಾಕಿಯಿಂದ 16.8 ಕೋಟಿ ಪೌಂಡನ್ನು ಹಳೆಯ ಅಧಿಕಾರಿಗಳ ಪಿಂಚಣಿಗೆಂದು ಮುರಿದುಕೊಳ್ಳಲಾಯಿತು. ಸ್ವತಂತ್ರ ಭಾರತ ಹೀಗೆ ಕಲೆಕ್ಟರ್ ಸಾಹೇಬರ ಪಿಂಚಣಿಯ ಹೊಣೆಯನ್ನು ಮುಂಗಡವಾಗಿಯೇ ತೀರಿಸಿತು.

ಹೋಗದೆ ಉಳಿದವರು ಕೆಲವರಿದ್ದರು. ಅವರ ಪಿಂಚಣಿ ನಿಂತಲ್ಲೇ ನಿಂತಿತ್ತು, ದರಗಳು ಏರಿದವು. ಗೆಳೆಯರು ಒಬ್ಬೊಬ್ಬರಾಗಿ ಸ್ಮಶಾನ ಸೇರಿದರು. ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯ, ಕೆನಡಾಗಳಿಗೆ ವಲಸೆ ಹೋದವು. ಇಂಥ ಒಬ್ಬ ನಿವೃತ್ತ ಕರ್ನಲ್ ದಂಪತಿಯ ಕಥೆ ಹೇಳುವ ಪಾಲ್ ಸ್ಕಾಟ್‌ರ ‘ಸ್ಟೇಯಿಂಗ್ ಆನ್’ ಕಾದಂಬರಿಗೆ 1977ರಲ್ಲಿ ಬುಕರ್ ಪ್ರಶಸ್ತಿ ಬಂತು.

ಇಂದೂ ಬ್ರಿಟನ್ನಿನಿಂದ ಹೊರಗೆ ನಿವೃತ್ತಿ ಜೀವನ ಕಳೆಯುವವರು ಲಕ್ಷಗಟ್ಟಲೆ ಇದ್ದಾರೆ. ಹಳೆಯ ಲೆಕ್ಕವೇ ಹೊಸ ರೂಪದಲ್ಲಿ ಅವರ ಮುಂದಿದೆ. ಅಮೆರಿಕ ಅಥವಾ ಯುರೋಪ್ ಒಕ್ಕೂಟದ ದೇಶದಲ್ಲಿ ನೆಲೆಸಿದರೆ ಬ್ರಿಟನ್ನಿನ ಸರಕಾರಿ ಪಿಂಚಣಿ ವರ್ಷವರ್ಷ ಏರುತ್ತದೆ. ಭಾರತ, ಕೆನಡಾ, ಆಸ್ಟ್ರೇಲಿಯಗಳಲ್ಲಿ ನೆಲೆಸಿದರೆ ಏರುವುದಿಲ್ಲ. 2000ನೇ ಇಸವಿಯಲ್ಲಿ ಪೂರ್ಣ ಮೂಲ ಪಿಂಚಣಿ ವಾರಕ್ಕೆ 67 ಪೌಂಡ್ 50 ಪೆನ್ಸ್ ಇತ್ತು. 2025ರ ಏಪ್ರಿಲ್‌ನಲ್ಲಿ ಅದು 176 ಪೌಂಡ್ 45 ಪೆನ್ಸ್ ಆಯಿತು. 2000ದಲ್ಲಿ ಪಿಂಚಣಿ ಶುರುವಾಗಿ ಅಂದಿನಿಂದ ಭಾರತದಲ್ಲೇ ಇರುವವರಿಗೆ ಇನ್ನೂ ಹಳೆಯ ಮೊತ್ತವೇ. ಇದು ಅನ್ಯಾಯವೆಂದು ಹೂಡಿದ ದಾವೆಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು. ಜೊತೆಗೆ, ಕಾಯಂ ಆಗಿ ದೇಶ ಬಿಟ್ಟವರಿಗೆ ಅಲ್ಲಿನ ಉಚಿತ ವೈದ್ಯಕೀಯ ಸೇವೆಯ ಹಕ್ಕೂ ತಪ್ಪುತ್ತದೆ.

ಈ ಲೆಕ್ಕ ಈಗ ಬಿಳಿಯರದಷ್ಟೇ ಅಲ್ಲ. ವೈದ್ಯರಾಗಿ, ಎಂಜಿನಿಯರುಗಳಾಗಿ ಬ್ರಿಟನ್ನಿಗೆ ಹೋಗಿ ಅಲ್ಲಿನ ಪೌರತ್ವ ಪಡೆದ ಕನ್ನಡಿಗರದೂ ಹೌದು. ಊರಿಗೆ ಮರಳಿ ಮುಪ್ಪು ಕಳೆಯಬೇಕೆಂದರೆ ಅವರ ಪಿಂಚಣಿಗೂ ಅದೇ ನಿಯಮ. ಸಾಗರೋತ್ತರ ಭಾರತೀಯ ಪೌರ ಕಾರ್ಡ್ ಇದ್ದರೆ ವಿಜಯಪುರದಲ್ಲಿ ಮನೆ ಕೊಳ್ಳಬಹುದು. ಆದರೆ ಇಂಡಿಯಲ್ಲಿ ನಾಲ್ಕೆಕರೆ ನಿಂಬೆ ತೋಟ ಕೊಳ್ಳುವಂತಿಲ್ಲ. ಕೃಷಿ ಜಮೀನು ಹಿರಿಯರಿಂದ ಬಂದರೆ ಮಾತ್ರ ಉಂಟು. ಭಾರತೀಯ ಮೂಲದವರಲ್ಲದ ಬ್ರಿಟಿಷರಿಗಂತೂ ನಿವೃತ್ತಿ ಜೀವನಕ್ಕೆಂದೇ ಪ್ರತ್ಯೇಕ ವೀಸಾ ನಮ್ಮಲ್ಲಿಲ್ಲ.

ಇತ್ತ ಸಿಂದಗಿ, ಮುದ್ದೇಬಿಹಾಳದ ತಾಂಡಾಗಳಿಂದ, ಹಳ್ಳಿಗಳಿಂದ ಗೋವಾ, ಪುಣೆ, ಮುಂಬಯಿಗೆ ದುಡಿಯಲು ಹೋಗುವವರಿದ್ದಾರೆ. ಮೈಯಲ್ಲಿ ಕಸುವು ಇರುವ ತನಕ ಪರಊರಿನ ಕಟ್ಟಡ ಕಟ್ಟಿ, ಕೈಲಾಗದಾದಾಗ ಊರಿಗೆ ಮರಳುತ್ತಾರೆ. ಇವರಿಗೆ ಪೌಂಡಿನದೂ ಇಲ್ಲ, ದುಡಿದ ಕಡೆಯಿಂದ ರೂಪಾಯಿಯದೂ ಇಲ್ಲ. ಒಂದು ಕಾಲದಲ್ಲಿ ಇದೇ ಹಳ್ಳಿಗಳ ಕಂದಾಯದಿಂದ ಆರು ಸಾವಿರ ಮೈಲಿ ದೂರದ ಪಿಂಚಣಿ ತಪ್ಪದೆ ಸಂದಾಯವಾಗುತ್ತಿತ್ತು.

ಫ್ಲೀಟ್ 1917ರ ಫೆಬ್ರುವರಿಯಲ್ಲಿ ಈಲಿಂಗ್‌ನಲ್ಲಿ ತೀರಿಕೊಂಡರು. ಅವರು ಕೊನೆಯತನಕ ಮಾಡಿದ ಕೆಲಸ ಕನ್ನಡ ನಾಡಿನ ಇತಿಹಾಸಕ್ಕೆ ದೊಡ್ಡ ಆಸ್ತಿ, ಅದರಲ್ಲಿ ಎರಡು ಮಾತಿಲ್ಲ. ಅವರು ನಿಶ್ಚಿಂತೆಯಿಂದ ಕುಳಿತು ಮನಗೂಳಿಯ ಕಲ್ಲಿನ ಬರಹ ಓದಲು ಬೇಕಾದ ಹಣವನ್ನು ಪ್ರತಿ ವರ್ಷ ಕಟ್ಟಿದವರಲ್ಲಿ ಮನಗೂಳಿಯ ರೈತರೂ ಇದ್ದರು. ಅವರ ಹೆಸರು ಯಾವ ಸಂಪುಟದಲ್ಲೂ ಅಚ್ಚಾಗಿಲ್ಲ.